ದೇವರ ಮನೆಯ ಪಿಸ್ಟನ್ನು

ಹರಿಹರದ ಆ ಮನೆಯ ದೇವರ ಕೋಣೆಯಲ್ಲಿ ಊದಿನಕಡ್ಡಿ ಸಿಕ್ಕಿಸಲು ಬೆಳ್ಳಿಯದಾಗಲಿ ಹಿತ್ತಾಳೆಯದಾಗಲಿ ಒಂದು ಸ್ಟ್ಯಾಂಡಿಲ್ಲ. ಇರುವುದು ಅಲ್ಯೂಮಿನಿಯಂನ ಒಂದು ಹಳೆಯ ಪಿಸ್ಟನ್ನು. ಅದನ್ನು ತಲೆಕೆಳಗು ಮಾಡಿ ಬಟ್ಟಲಿನ ಹಾಗೆ ನಿಲ್ಲಿಸಿ, ಒಳಗೆ ತುಂಗಭದ್ರೆಯ ಮರಳು ತುಂಬಿ, ಆ ಮರಳಿನಲ್ಲಿ ಕಡ್ಡಿ ಚುಚ್ಚುತ್ತಾರೆ. ಅಜ್ಜಿ ಬದುಕಿದ್ದಾಗ ಮೊದಮೊದಲು ಇದಕ್ಕೆ ಒಪ್ಪಿರಲಿಲ್ಲವಂತೆ. ಎಣ್ಣೆಯಲ್ಲಿ ಮುಳುಗೆದ್ದ ಯಂತ್ರದ ತುಂಡನ್ನು ದೇವರ ಮುಂದೆ ಇಡುವುದುಂಟೇ ಎಂದು ಜಗಳವಾಗಿತ್ತು. ಒಂದು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳಲು ಒಳಗೆ ಬಂದ ಪಿಸ್ಟನ್ನು ಆಮೇಲೆ ಹೊರಗೆ ಹೋಗಲೇ ಇಲ್ಲ.

ಬಂದವರೆಲ್ಲ ಇದೇನೆಂದು ಕೇಳುವುದು ಸಹಜ. ಅಜ್ಜನ ಉತ್ತರವೂ ಸಿದ್ಧವಾಗಿರುತ್ತಿತ್ತು: "ಇದು ಜಿಪ್ಸಿ ಎಂಜಿನ್ ಪಿಸ್ಟನ್ನು. ವಿಮಾನದ್ದು. ವಿಮಾನದಾಗೂ ಇದು ಹಿಂಗೇ ತಲೆಕೆಳಗಾಗೇ ಇರ್ತಿತ್ತು." ಕೊನೆಯ ಮಾತನ್ನು ಯಾರೂ ನಂಬುತ್ತಿರಲಿಲ್ಲ. ವಯಸ್ಸಾದವರು ಏನೋ ಹೇಳುತ್ತಾರೆ ಎಂದು ತಲೆಯಾಡಿಸಿ ಕಾಫಿ ಕುಡಿದು ಹೋಗುತ್ತಿದ್ದರು.

ಅಜ್ಜ 1959ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತರಬೇತಿಗೆ ಸೇರಿದವರು. ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ವಿಭಾಗ. ಮೂರು ವರ್ಷದ ಮೇಲೆ ಊರಿನ ಹತ್ತಿರವೇ ಕೆಲಸ ಸಿಕ್ಕಿತೆಂದು ಹರಿಹರಕ್ಕೆ ಬಂದು, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆದರು. ಬೆಂಗಳೂರು ಬಿಡುವ ಮುಂಚೆ ಗುಜರಿಯವನೊಬ್ಬನ ಹತ್ತಿರ ಒಂದೂವರೆ ರೂಪಾಯಿ ಕೊಟ್ಟು ಕೊಂಡದ್ದು ಈ ಪಿಸ್ಟನ್ನು. ಆ ಕಾಲಕ್ಕೆ ಒಂದೂವರೆ ರೂಪಾಯಿ ಸಣ್ಣ ಮೊತ್ತವಲ್ಲ. ಈ ಮಾತನ್ನೂ ಅಜ್ಜಿ ಬಹಳ ವರ್ಷ ಆಡಿಕೊಂಡಿದ್ದರು.

ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ, ಹರಿಹರದ ಲೇತ್ ಕಾರ್ಖಾನೆ ಹುಟ್ಟಿದ್ದು 1941ರಲ್ಲಿ. ಎರಡೂ ಯುದ್ಧಕಾಲದ ಕೂಸುಗಳು. ಒಂದರಿಂದ ವಿಮಾನಗಳು ಹಾರಿದವು, ಇನ್ನೊಂದರಿಂದ ಎಂಟರ್‌ಪ್ರೈಸ್ ಎಂಬ ಹೆಸರಿನ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಹರಿಹರದ ಒಂದು ಭಾಗಕ್ಕೆ ಯಂತ್ರಪುರವೆಂಬ ಹೆಸರೇ ನಿಂತುಬಿಟ್ಟಿತು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಅಷ್ಟರಲ್ಲಿ ಅಜ್ಜ ನಿವೃತ್ತರಾಗಿದ್ದರು.

ಪೆಟ್ಟು ಬಿದ್ದದ್ದು ಮಗನಿಗೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ದಾವಣಗೆರೆಯ ಹೊರವಲಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಎಂಟು ವರ್ಷ ದುಡಿದಿದ್ದ. ಆರ್ಡರುಗಳು ನಿಂತವು, ವರ್ಕ್‌ಶಾಪು ಮುಚ್ಚಿತು, ಕೊನೆಯ ಮೂರು ತಿಂಗಳ ಸಂಬಳ ಕೈಗೆ ಬರಲಿಲ್ಲ. ಅಂದಿನಿಂದ ಅವನಿಗೆ ಕಬ್ಬಿಣವೆಂದರೆ ಆಗದು. ಮಂಡಿಪೇಟೆಯ ಹತ್ತಿರ ಒಂದು ಸಂದಿಯಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ಟು, ಮಗ್ಗುಗಳ ಅಂಗಡಿ ಇಟ್ಟ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಒಮ್ಮೊಮ್ಮೆ ಹೇಳುತ್ತಾನೆ. ತಮಾಷೆಗೆ ಹೇಳುವುದೋ ಅಲ್ಲವೋ ಗೊತ್ತಾಗುವುದಿಲ್ಲ.

ಈಗ ಅವನ ಮಗಳು ಪಿಯುಸಿ ಮುಗಿಸಿದ್ದಾಳೆ. ಸಿಇಟಿಯಲ್ಲಿ ಪರವಾಗಿಲ್ಲ ಎನ್ನುವಂಥ ರ‍್ಯಾಂಕು. ಆಪ್ಷನ್ ಎಂಟ್ರಿಗೆ ಎರಡು ವಾರ ಇರುವಾಗ ಊಟಕ್ಕೆ ಕೂತ ಹೊತ್ತಿನಲ್ಲಿ ಅವಳು, ತಾನು ಮೆಕ್ಯಾನಿಕಲ್ ತೆಗೆದುಕೊಳ್ಳುತ್ತೇನೆ ಎಂದಳು.

ದಾವಣಗೆರೆಯಲ್ಲಿ ಇದು ವಿಚಿತ್ರ ಆಸೆಯೇನಲ್ಲ. 1951ರಲ್ಲಿ ಬಿ.ಡಿ.ಟಿ. ಕಾಲೇಜು ಶುರುವಾದಾಗಿನಿಂದ ಈ ಊರು ಎಂಜಿನಿಯರುಗಳನ್ನು ತಯಾರು ಮಾಡುತ್ತಲೇ ಇದೆ. ಆದರೆ ಈಗಿನ ಅಪ್ಪಂದಿರಿಗೆ ಎಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಸೈನ್ಸು, ಅದು ಸಿಗದಿದ್ದರೆ ಕಂಪ್ಯೂಟರ್ ಸೈನ್ಸಿಗೆ ಹತ್ತಿರದ್ದು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಬ್ಬಿಣ ನಂಬಿ ನಾನು ಕೆಟ್ಟಿದ್ದು ಸಾಲದೇನು" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮಕ್ಕಳ ಆಸೆಗೆ ಅಡ್ಡ ಬರುವ ತಂದೆತಾಯಿಯರನ್ನು ಖಳನಾಯಕರಂತೆ ತೋರಿಸುವುದು ಸುಲಭ. ಮೂರು ತಿಂಗಳು ಸಂಬಳವಿಲ್ಲದೆ ಮನೆ ನಡೆಸಿದವನ ಭಯ ಬೇರೆಯೇ.

ಆ ಭಾನುವಾರ ಎಂದಿನಂತೆ ಎಲ್ಲರೂ ಬಸ್ಸು ಹತ್ತಿ ಹರಿಹರಕ್ಕೆ ಹೋದರು. ಹುಡುಗಿ ನೇರವಾಗಿ ದೇವರ ಕೋಣೆಗೆ ಹೋಗಿ ಪಿಸ್ಟನ್ನನ್ನು ಎತ್ತಿಕೊಂಡು ಬಂದು ಅಜ್ಜನ ಮುಂದಿಟ್ಟಳು.

"ಅಜ್ಜಾ, ಇದರ ಕಥೆ ಪೂರ್ತಿ ಹೇಳು."

ಪೂರ್ತಿ ಕಥೆ ಅಜ್ಜನಿಗೂ ಗೊತ್ತಿರಲಿಲ್ಲ. ಬೆಂಗಳೂರಿನ ಷಾಪಿನಲ್ಲಿ ಮೇಸ್ತ್ರಿಗಳ ಬಾಯಿಂದ ಕೇಳಿದ್ದು ಅಷ್ಟಿಷ್ಟು. ಉಳಿದದ್ದನ್ನು ಹುಡುಗಿಯೇ ಹುಡುಕಿ ಓದತೊಡಗಿದಳು. ಹೀಗೆ ಆ ಹದಿನೈದು ದಿನ, ಕಂಪ್ಯೂಟರ್ ಸೈನ್ಸೋ ಮೆಕ್ಯಾನಿಕಲ್ಲೋ ಎಂಬ ವ್ಯಾಜ್ಯ ಒಂದು ಕಡೆ ನಡೆಯುತ್ತಿದ್ದರೆ, ಇನ್ನೊಂದು ಕಡೆ ಫೋನಿನಲ್ಲಿ ಅಜ್ಜ-ಮೊಮ್ಮಗಳ ನಡುವೆ ನೂರು ವರ್ಷ ಹಿಂದಿನ ಇಂಗ್ಲೆಂಡಿನ ಎಂಜಿನ್ನುಗಳ ಸುದ್ದಿ ನಡೆಯಿತು.

ಮೊದಲಿಗೆ ಬ್ರಿಟಿಷರ ಹತ್ತಿರ ವಿಮಾನಕ್ಕೆಂದು ಹೇಳಿಕೊಳ್ಳುವಂಥ ಎಂಜಿನ್ನೇ ಇರಲಿಲ್ಲ. ಅಮೆರಿಕದಲ್ಲಿ ರೈಟ್ ಸಹೋದರರು 1903ರಲ್ಲೇ ಹಾರಿದ್ದರು, ಫ್ರಾನ್ಸಿನಲ್ಲಿ ಒಂದಲ್ಲ ಹತ್ತು ಕಾರ್ಖಾನೆಗಳು ಎಂಜಿನ್ ಮಾಡುತ್ತಿದ್ದವು. ಇಂಗ್ಲೆಂಡಿನಲ್ಲಿ ಎ.ವಿ. ರೋ ಎಂಬಾತ 1909ರಲ್ಲಿ ಮೂರಂತಸ್ತಿನ ರೆಕ್ಕೆಯ ವಿಮಾನವೊಂದನ್ನು ಕಟ್ಟಿ, ರೆಕ್ಕೆಗೆ ಬಟ್ಟೆ ಕೊಳ್ಳಲು ದುಡ್ಡಿಲ್ಲದೆ ಕಾಗದ ಅಂಟಿಸಿ, ಮೋಟಾರ್ ಸೈಕಲ್ಲಿಗೆ ಹೆಸರಾದ ಜೆ.ಎ.ಪಿ. ಕಂಪನಿಯ 9 ಅಶ್ವಶಕ್ತಿಯ ಎಂಜಿನ್ನು ಕೂರಿಸಿದ. ಇವತ್ತಿನ ಸ್ಕೂಟರಿನ ಎಂಜಿನ್ನಿಗೆ ಇರುವಷ್ಟು ಶಕ್ತಿ! ಅದೂ ಜುಲೈ ತಿಂಗಳಲ್ಲಿ ಲಂಡನ್ನಿನ ಹತ್ತಿರದ ಜವುಗು ಬಯಲಿನಲ್ಲಿ ನೆಲ ಬಿಟ್ಟು ಒಂದಷ್ಟು ದೂರ ಹಾರಿತು. ಊರಿನ ಅಧಿಕಾರಿಗಳು ಸಾರ್ವಜನಿಕರಿಗೆ ಅಪಾಯವೆಂದು ಅವನ ಮೇಲೆ ಮೊಕದ್ದಮೆ ಹೂಡಲು ಹೊರಟರು. ಅಷ್ಟರಲ್ಲಿ ಫ್ರಾನ್ಸಿನ ಬ್ಲೇರಿಯೋ ಇಂಗ್ಲಿಷ್ ಕಡಲ್ಗಾಲುವೆಯನ್ನೇ ವಿಮಾನದಲ್ಲಿ ದಾಟಿಬಿಟ್ಟ. ಮೊಕದ್ದಮೆಯ ಮಾತು ಅಲ್ಲಿಗೇ ನಿಂತಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಮೂರ್-ಬ್ರಾಬಜಾನ್ ಎಂಬಾತ ಗ್ರೀನ್ ಎಂಬ ನೀರು ತಂಪಿನ ಬ್ರಿಟಿಷ್ ಎಂಜಿನ್ನಿನ ವಿಮಾನದಲ್ಲಿ ಒಂದು ಮೈಲಿ ಸುತ್ತು ಹಾಕಿ ಬಂದು ಸಾವಿರ ಪೌಂಡಿನ ಬಹುಮಾನ ಗೆದ್ದ. ಹಂದಿಗೆ ರೆಕ್ಕೆ ಬಂದ ದಿನ ನೋಡೋಣ ಎಂದು ಅಸಾಧ್ಯದ ಮಾತಿಗೆ ಆಡುವುದು ಆ ಜನರ ರೂಢಿ. ನಾಲ್ಕೈದು ದಿನ ಬಿಟ್ಟು ಆತ ಬುಟ್ಟಿಯಲ್ಲಿ ಒಂದು ಹಂದಿಮರಿ ಕೂರಿಸಿ, ಬುಟ್ಟಿಯನ್ನು ವಿಮಾನಕ್ಕೆ ಕಟ್ಟಿ ಹಾರಿಯೇಬಿಟ್ಟ. ಈ ಭಾಗ ಕೇಳಿ ಅಜ್ಜ ಕೆಮ್ಮು ಬರುವವರೆಗೆ ನಕ್ಕರು.

ಜೆಫ್ರಿ ಡಿ ಹ್ಯಾವಿಲೆಂಡನ ಕಥೆ ಹೇಳುವಾಗ ಹುಡುಗಿ ಸ್ವಲ್ಪ ಒತ್ತು ಕೊಟ್ಟೇ ಹೇಳಿದಳು. ಅವನಿಗೂ ಒಬ್ಬ ಅಜ್ಜ ಇದ್ದ, ತಾಯಿಯ ತಂದೆ. ವಿಮಾನ ಮಾಡುತ್ತೇನೆ ಎಂದ ಮೊಮ್ಮಗನಿಗೆ ಸಾವಿರ ಪೌಂಡು ಕೊಟ್ಟ. ಆ ಹಣದಲ್ಲಿ ಡಿ ಹ್ಯಾವಿಲೆಂಡ್ ಮೊದಲು ಮಾಡಿಸಿದ್ದು ವಿಮಾನವನ್ನಲ್ಲ, ಎಂಜಿನ್ನನ್ನು. ತಾನೇ ನಕ್ಷೆ ಬರೆದು, 45 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಒಂದು ಕಾರು ಕಂಪನಿಯಿಂದ ಮಾಡಿಸಿದ. ಹೆಂಡತಿ ರೆಕ್ಕೆಯ ಬಟ್ಟೆ ಹೊಲಿದಳು. ಮೊದಲ ವಿಮಾನ ನೆಲ ಬಿಟ್ಟ ಕ್ಷಣಾರ್ಧದಲ್ಲಿ ಮುರಿದು ಬಿತ್ತು. ಅವನು ಉಳಿದ, ಎಂಜಿನ್ನೂ ಉಳಿಯಿತು. ಅದೇ ಎಂಜಿನ್ನನ್ನು ಎರಡನೆಯ ವಿಮಾನಕ್ಕೆ ಹಾಕಿ 1910ರಲ್ಲಿ ಹಾರಿದ.

"ಅವರಜ್ಜ ಸಾವಿರ ಪೌಂಡ್ ಕೊಟ್ಟ. ನೀನೇನು ಕೊಡ್ತೀ ಅಜ್ಜಾ?"

"ನಾನು ಬೆಣ್ಣೆ ದೋಸೆ ಕೊಡಿಸ್ತೀನವ್ವಾ. ಪೆನ್ಷನ್ನಿಗೆ ಅಷ್ಟೇ ಆಗೋದು."

1914ರಲ್ಲಿ ಮಹಾಯುದ್ಧ ಶುರುವಾದಾಗಲೂ ಬ್ರಿಟಿಷ್ ವಿಮಾನಗಳು ಬಹುಪಾಲು ಫ್ರೆಂಚ್ ಎಂಜಿನ್ನುಗಳನ್ನೇ ನಂಬಿದ್ದವು. ಅವುಗಳಲ್ಲಿ ಪ್ರಸಿದ್ಧವಾದದ್ದು ನೋಮ್. ಅದರಲ್ಲಿ ಕ್ರ್ಯಾಂಕ್ ಶಾಫ್ಟು ನಿಂತೇ ಇರುತ್ತದೆ, ಇಡೀ ಎಂಜಿನ್ನೇ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗುತ್ತದೆ! ತಿರುಗುವಾಗ ಗಾಳಿಗೆ ತಂಪಾಗುತ್ತದೆ ಎಂಬುದು ಉಪಾಯ. ಪೆಟ್ರೋಲಿನ ಹಬೆ ಕ್ರ್ಯಾಂಕ್ ಕೇಸಿನ ಮೂಲಕವೇ ಹೋಗಬೇಕಾದ್ದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆ ಬೇಕಿತ್ತು. ಅದಕ್ಕೆ ಒದಗಿದ್ದು ನಮ್ಮ ಔಡಲೆಣ್ಣೆ, ಅಂದರೆ ಹರಳೆಣ್ಣೆ. ಒಳಗೆ ಹೋದ ಎಣ್ಣೆ ಮತ್ತೆ ತೊಟ್ಟಿಗೆ ಬರುತ್ತಿರಲಿಲ್ಲ. ಹೊಗೆಯಾಗಿ, ಹನಿಯಾಗಿ ಪೈಲಟ್ಟಿನ ಮುಖಕ್ಕೆ ಎರಚುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಹಳೆಯ ಕಾಲದ ತಾಯಂದಿರನ್ನು ಕೇಳಿದರೆ ಸಾಕು. ಆಕಾಶದಲ್ಲಿ ಶತ್ರುವಿಗಿಂತ ಹೆಚ್ಚಾಗಿ ಇದಕ್ಕೆ ಹೆದರಿದ ಪೈಲಟ್ಟುಗಳೂ ಇದ್ದಿರಬೇಕು.

ಹುಡುಗಿಗೆ ಎಲ್ಲಕ್ಕಿಂತ ಖುಷಿಯಾದದ್ದು ಬೆಂಟ್ಲಿಯ ಪ್ರಸಂಗ. ಡಬ್ಲ್ಯು.ಓ. ಬೆಂಟ್ಲಿ ಆಗ ಫ್ರಾನ್ಸಿನ ಒಂದು ಕಾರನ್ನು ಇಂಗ್ಲೆಂಡಿನಲ್ಲಿ ಮಾರುತ್ತಿದ್ದ ಯುವಕ. 1913ರಲ್ಲಿ ಆ ಕಾರಿನ ಕಾರ್ಖಾನೆಗೆ ಹೋಗಿದ್ದಾಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ತೂಕದ ತುಂಡೊಂದು ಕಣ್ಣಿಗೆ ಬಿತ್ತು. ಅದು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ ಪುಟ್ಟ ಪಿಸ್ಟನ್ನು, ಬರೀ ಅಲಂಕಾರದ ವಸ್ತು. ಆಗ ಪಿಸ್ಟನ್ನುಗಳೆಲ್ಲ ಬೀಡುಕಬ್ಬಿಣದವು ಅಥವಾ ಉಕ್ಕಿನವು. ಇದನ್ನೇ ಎಂಜಿನ್ನಿನೊಳಗೆ ಹಾಕಿದರೆ ಏನಾಗುತ್ತದೆ ಎಂದು ಬೆಂಟ್ಲಿ ಯೋಚಿಸಿದ. 88 ಪಾಲು ಅಲ್ಯೂಮಿನಿಯಂಗೆ 12 ಪಾಲು ತಾಮ್ರ ಬೆರೆಸಿದ ಪಿಸ್ಟನ್ನು ಮಾಡಿಸಿ ಕಾರಿಗೆ ಹಾಕಿ ಓಡಿಸಿದ. ಹಗುರವಾದ್ದರಿಂದ ಎಂಜಿನ್ನು ವೇಗವಾಗಿ ತಿರುಗಿತು. ಬಿಸಿಯನ್ನು ಬೇಗ ಸಿಲಿಂಡರಿನ ಗೋಡೆಗೆ ದಾಟಿಸುವುದರಿಂದ ಪಿಸ್ಟನ್ನಿನ ತಲೆ ಸುಡಲಿಲ್ಲ. ಯುದ್ಧ ಬಂದಾಗ ಈ ಗುಟ್ಟನ್ನು ಅವನು ರೋಲ್ಸ್-ರಾಯ್ಸ್‌ನವರಿಗೂ ಹೇಳಿಕೊಟ್ಟ, ತಾನೇ ಬಿ.ಆರ್. 1 ಎಂಬ ತಿರುಗುವ ಎಂಜಿನ್ನನ್ನೂ ಮಾಡಿದ.

"ಅವನು ಮೇಜಿನ ಮ್ಯಾಲಿಂದು ನೋಡಿದ. ನಾನು ದೇವರ ಮನ್ಯಾಗಿಂದು ನೋಡ್ದೆ. ಅಷ್ಟೇ ವ್ಯತ್ಯಾಸ" ಎಂದಳು ಹುಡುಗಿ.

ಇದನ್ನೆಲ್ಲ ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ ಎಂದಲ್ಲ. ರೋಲ್ಸ್-ರಾಯ್ಸ್‌ನ ಹೆನ್ರಿ ರಾಯ್ಸ್ ಬಡವರ ಮನೆಯ ಹುಡುಗ, ಶಾಲೆ ಕಂಡದ್ದು ಬಹಳ ಕಡಿಮೆ, ಪತ್ರಿಕೆ ಮಾರಿ ತಂತಿ ಹಂಚಿ ಬೆಳೆದವನು, ಅವನು 1915ರಲ್ಲಿ ಮಾಡಿದ 12 ಸಿಲಿಂಡರಿನ ಈಗಲ್ ಎಂಜಿನ್ನುಗಳನ್ನು ಹೊತ್ತ ವಿಮಾನವೇ 1919ರಲ್ಲಿ ಮೊದಲ ಸಲ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದು ಎಂದು ಅವಳು ಊಟದ ಹೊತ್ತಿನಲ್ಲಿ ಹೇಳಿದಾಗ, "ಅವನ್ಯಾವ ಸಿಇಟಿ ಬರೆದಿದ್ದ?" ಎಂದು ಕೇಳಿದ. ಇದಕ್ಕೆ ಉತ್ತರವಿರಲಿಲ್ಲ.

ಅಜ್ಜನ ಪಿಸ್ಟನ್ನಿನ ವಂಶಾವಳಿ ಶುರುವಾಗುವುದು ಈ ಯುದ್ಧ ಮುಗಿದ ಮೇಲೆ. ಸರ್ಕಾರದ ಹತ್ತಿರ ಬೆಟ್ಟದಷ್ಟು ವಿಮಾನ, ಎಂಜಿನ್ನು, ಬಿಡಿಭಾಗಗಳು ಉಳಿದವು. ಒಂದು ಕಂಪನಿ ಅದನ್ನೆಲ್ಲ ಸಗಟಾಗಿ ಕೊಂಡು ಕ್ರಾಯ್ಡನ್ ಎಂಬಲ್ಲಿ ರಾಶಿ ಹಾಕಿಕೊಂಡು ಮಾರಲು ಕೂತಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದೊಂದು ಭಾರಿ ಗುಜರಿ ಅಂಗಡಿ. ಆ ರಾಶಿಯಲ್ಲಿ ರೆನೋ ಎಂಬ ಫ್ರೆಂಚ್ ಎಂಜಿನ್ನುಗಳು ವಿಪರೀತ ಇದ್ದವು: ನಾಲ್ಕು ನಾಲ್ಕರ ಎರಡು ಸಾಲಿನಲ್ಲಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಎಂಟು ಸಿಲಿಂಡರು.

ಡಿ ಹ್ಯಾವಿಲೆಂಡ್ ಆಗ ಸ್ವಂತ ಕಂಪನಿ ಮಾಡಿಕೊಂಡಿದ್ದ. ಯುದ್ಧದ ವಿಮಾನಗಳು ಸಾಕು, ವೈದ್ಯರು, ವ್ಯಾಪಾರಿಗಳು ಕೊಂಡು ಸ್ವತಃ ಹಾರಿಸಬಹುದಾದ ಪುಟ್ಟ ವಿಮಾನ ಮಾಡಬೇಕು ಎಂಬುದು ಅವನ ಹಂಬಲ. ಅದಕ್ಕೆ ತಕ್ಕ ಎಂಜಿನ್ನು ಎಲ್ಲೂ ಇಲ್ಲ. ಇದ್ದವು ಒಂದೋ ಮೋಟಾರ್ ಸೈಕಲ್ಲಿನಷ್ಟು ಬಡಕಲು, ಇಲ್ಲವೇ ಯುದ್ಧದ ಆನೆಗಳು. ಗುಜರಿ ಕಂಪನಿಯಲ್ಲಿ ಫ್ರಾಂಕ್ ಹಾಲ್ಫರ್ಡ್ ಎಂಬ ಎಂಜಿನಿಯರ್ ಇದ್ದ. ವಿಮಾನ ಹಾರಿಸುವ ಹುಚ್ಚಿಗೆ 1913ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟವನು. (ಈ ಸಂಗತಿಯನ್ನು ಹುಡುಗಿ ಜಾಣತನದಿಂದ ಅಪ್ಪನಿಗೆ ಹೇಳಲಿಲ್ಲ.) ಇವರಿಬ್ಬರ ನಡುವೆ ಹುಟ್ಟಿದ ಉಪಾಯ ಎಷ್ಟು ಸರಳವೆಂದರೆ ನಗು ಬರುತ್ತದೆ: ಎಂಟು ಸಿಲಿಂಡರಿನ ಎಂಜಿನ್ನನ್ನು ಉದ್ದಕ್ಕೆ ಎರಡು ಹೋಳು ಮಾಡುವುದು!

ಮಾತಿನಲ್ಲಿ ಸುಲಭ, ಕೆಲಸದಲ್ಲಿ ಅಲ್ಲ. ಒಂದು ಸಾಲು ತೆಗೆದ ಮೇಲೆ ಹಳೆಯ ಕ್ರ್ಯಾಂಕ್ ಕೇಸು ಕೆಲಸಕ್ಕೆ ಬಾರದು, ಎಂಟಕ್ಕೆ ಮಾಡಿದ ಸಮತೋಲ ನಾಲ್ಕಕ್ಕೆ ಒಗ್ಗದು. ಹಾಲ್ಫರ್ಡ್ ಕ್ರ್ಯಾಂಕ್ ಕೇಸನ್ನು ಹೊಸದಾಗಿ ಮಾಡಿದ, ಸಿಲಿಂಡರು ಮುಂತಾದ ದುಬಾರಿ ಭಾಗಗಳನ್ನು ರಾಶಿಯಿಂದಲೇ ಎತ್ತಿಕೊಂಡ. ಸಿರಸ್ ಎಂದು ಹೆಸರಿಟ್ಟ. ಶಕ್ತಿ 60 ಅಶ್ವಶಕ್ತಿ. ಅದನ್ನು ಹೊತ್ತ ಮಾತ್ ಎಂಬ ಪುಟ್ಟ ವಿಮಾನ 1925ರ ಫೆಬ್ರವರಿ 22ರಂದು ಹಾರಿತು. ಆ ಮೇಲೆ ಫ್ಲೈಯಿಂಗ್ ಕ್ಲಬ್ಬುಗಳಲ್ಲೆಲ್ಲ ಮಾತ್‌ಗಳೇ.

ಅವು ಎಷ್ಟು ಮಾರಾಟವಾದವೆಂದರೆ ಗುಜರಿಯ ರಾಶಿ ಕರಗತೊಡಗಿತು. ಹಳೆಯ ರೆನೋ ಮುಗಿದರೆ ಎಂಜಿನ್ನಿಗೆ ಎಲ್ಲಿ ಹೋಗುವುದು? ಡಿ ಹ್ಯಾವಿಲೆಂಡ್ ಅದೇ ಹಾಲ್ಫರ್ಡನಿಂದ ಹೊಚ್ಚಹೊಸ ಎಂಜಿನ್ನಿನ ನಕ್ಷೆ ಬರೆಸಿದ. 1927ರಲ್ಲಿ ಬಂದ ಅದರ ಹೆಸರು ಜಿಪ್ಸಿ. ಜನ ನಂಬಬೇಕಲ್ಲ! ಒಂದು ಜಿಪ್ಸಿ ಎಂಜಿನ್ನಿಗೆ ಮೊಹರು ಹಾಕಿ, ದಿನನಿತ್ಯದ ಆರೈಕೆ ಬಿಟ್ಟು ಬೇರೇನೂ ಮುಟ್ಟದೆ ವಿಮಾನದಲ್ಲಿ 600 ಗಂಟೆ ಹಾರಿಸಿದರು. ಬಿಚ್ಚಿ ನೋಡಿದಾಗ ಬದಲಿಸಬೇಕಾದ ಭಾಗಗಳ ಬೆಲೆ ಏಳು ಪೌಂಡು ಚಿಲ್ಲರೆ. ಓವರ್‌ಹಾಲ್ ಷಾಪಿನಲ್ಲಿ ಕೈ ಕಪ್ಪು ಮಾಡಿಕೊಂಡ ಅಜ್ಜನಿಗೆ ಮಾತ್ರ ಆ ಲೆಕ್ಕದ ಸೊಗಸು ಪೂರ್ತಿ ಅರ್ಥವಾದದ್ದು. "ಆರುನೂರು ಗಂಟಿಗೆ ಏಳು ಪೌಂಡು!" ಎಂದು ಎರಡು ಸಲ ಹೇಳಿಕೊಂಡರು.

ನಮ್ಮ ದೇಶದ ಆಕಾಶದಲ್ಲೂ ಜಿಪ್ಸಿಯ ಸದ್ದು ಬೇಗನೆ ಕೇಳಿತು. 1930ರಲ್ಲಿ ಇಂಗ್ಲೆಂಡು-ಇಂಡಿಯಾ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು 500 ಪೌಂಡಿನ ಬಹುಮಾನ ಸಾರಿದರು. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು. ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಹೊರಟ. ಇಬ್ಬರದೂ ಜಿಪ್ಸಿ ಮಾತ್ ವಿಮಾನ. ಈಜಿಪ್ಟಿನ ಅಬೂಕೀರಿನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ. ಜೆ.ಆರ್.ಡಿ. ತಮ್ಮ ಹತ್ತಿರ ಹೆಚ್ಚಿಗೆ ಇದ್ದ ಪ್ಲಗ್ಗುಗಳನ್ನು ಕೊಟ್ಟರು. ಪಂದ್ಯ ಗೆದ್ದದ್ದು ಆಸ್ಪಿ. ಮುಂದೆ ಆತ ವಾಯುಪಡೆಯ ಮುಖ್ಯಸ್ಥರಾದರು. ಇನ್ನು 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಮುಂಬಯಿಗೆ ಟಪಾಲು ತಂದ ಪುಸ್ ಮಾತ್ ವಿಮಾನದಲ್ಲಿ ಇದ್ದದ್ದು ಜಿಪ್ಸಿ 3.

ಆ ಜಿಪ್ಸಿ 3 ತಲೆಕೆಳಗಾದ ಎಂಜಿನ್ನು. ಅಲ್ಲಿಗೆ ಅಜ್ಜನ ಮಾತು ನಿಜವಾಯಿತು. ಕ್ರ್ಯಾಂಕ್ ಶಾಫ್ಟು ಮೇಲೆ, ಸಿಲಿಂಡರುಗಳು ಕೆಳಗೆ ಜೋತಾಡುವಂತೆ ಅದನ್ನು ಕೂರಿಸಿದ್ದರು. ಇದರಿಂದ ಪ್ರೊಪೆಲ್ಲರು ನೆಲದಿಂದ ಮೇಲಕ್ಕೆ ಸರಿಯಿತು, ಪೈಲಟ್ಟಿನ ಕಣ್ಣಿಗೆ ಅಡ್ಡವಾಗಿದ್ದ ಸಿಲಿಂಡರ್ ಸಾಲು ಮರೆಯಾಯಿತು. ತೊಂದರೆ ಒಂದೇ: ನಿಂತ ಎಂಜಿನ್ನಿನಲ್ಲಿ ಎಣ್ಣೆ ಮೆಲ್ಲಗೆ ಕೆಳಗಿಳಿದು ಪಿಸ್ಟನ್ನಿನ ಬಟ್ಟಲಿನಲ್ಲಿ ಕೂತು, ಉಂಗುರಗಳ ಸಂದಿಯಿಂದ ಜಿನುಗುತ್ತದೆ. ಬೆಳಿಗ್ಗೆ ಶುರು ಮಾಡಿದಾಗ ಭುಸ್ಸೆಂದು ನೀಲಿ ಹೊಗೆ. "ಊದಿನಕಡ್ಡಿಗಿಂತ ಹೆಚ್ಚು ಹೊಗಿ ಬರ್ತಿತ್ತು" ಎಂದು ಅಜ್ಜ ನೆನಪಿಸಿಕೊಂಡರು. ಇದೇ ಜಾಡಿನಲ್ಲಿ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಬಂತು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾದವು, ಟೈಗರ್ ಮಾತ್‌ಗಳಲ್ಲಿ ಕೂತು ಒಂದು ಇಡೀ ಪೀಳಿಗೆಗೆ ಹಾರಾಟ ಕಲಿಸಿದವು.

ತೊಡಕು ಬಂದದ್ದು ಇಲ್ಲಿಂದ. ಬೆಂಗಳೂರಿನಲ್ಲಿ ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್.ಟಿ. 2 ಎಂಬ ತರಬೇತಿ ವಿಮಾನ, ಸ್ವತಂತ್ರ ಭಾರತದ್ದೇ ವಿನ್ಯಾಸ, 1951ರ ಆಗಸ್ಟಿನಲ್ಲಿ ಮೊದಲು ಹಾರಿದಾಗ ಅದರಲ್ಲಿ ಇದ್ದದ್ದು ಜಿಪ್ಸಿ ಮೇಜರ್. ಆದರೆ ಎರಡನೆಯ ಮಾದರಿಯಿಂದ ಮುಂದೆ, ನೂರೈವತ್ತಕ್ಕೂ ಹೆಚ್ಚು ವಿಮಾನಗಳಿಗೆ ಹಾಕಿದ್ದು ಬ್ಲ್ಯಾಕ್‌ಬರ್ನ್ ಕಂಪನಿಯ 155 ಅಶ್ವಶಕ್ತಿಯ ಸಿರಸ್ ಮೇಜರ್. ಕೈಯಿಂದ ಕೈಗೆ ದಾಟುತ್ತ ಬಂದಿದ್ದ ಸಿರಸ್ ಎಂಬ ಹೆಸರು 1930ರ ದಶಕದಲ್ಲಿ ಬ್ಲ್ಯಾಕ್‌ಬರ್ನಿನ ಪಾಲಾಗಿತ್ತು. ಅದೂ ನಾಲ್ಕು ಸಿಲಿಂಡರು, ಅದೂ ತಲೆಕೆಳಗು. ಮೂಲಪುರುಷ ಒಬ್ಬನೇ ಆದ್ದರಿಂದ ಎರಡೂ ಒಂದೇ ಮನೆತನದ ದಾಯಾದಿಗಳು.

"ಹಂಗಾದ್ರೆ ಅಜ್ಜಾ, ಐವತ್ತೊಂಬತ್ತರಾಗೆ ನೀವು ಬಿಚ್ಚಿದ್ದು ಸಿರಸ್ ಇರಬೇಕಲ್ಲ?"

ಅಜ್ಜನಿಗೆ ಇದು ಹಿಡಿಸಲಿಲ್ಲ. ಅರವತ್ತು ವರ್ಷ ಜಿಪ್ಸಿ ಎಂದು ಹೇಳಿಕೊಂಡು ಬಂದವರು. ಷಾಪಿನಲ್ಲಿ ಎಲ್ಲರೂ ತಲೆಕೆಳಗಿನದನ್ನೆಲ್ಲ ಜಿಪ್ಸಿ ಎಂದೇ ಕರೆಯುತ್ತಿದ್ದರು ಎಂದರು. ಹುಡುಗಿ ವಾದ ಮಾಡಲಿಲ್ಲ. ಮುಂದಿನ ಭಾನುವಾರ ಹರಿಹರಕ್ಕೆ ಬಂದವಳೇ ಮರಳು ಸುರಿದು, ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಜ್ಜನ ಹಳೆಯ ವರ್ನಿಯರ್ ಹಿಡಿದು ಕೂತಳು. ಜಿಪ್ಸಿ ಮೇಜರಿನ ಸಿಲಿಂಡರಿನ ಒಳವ್ಯಾಸ 118 ಮಿಲಿಮೀಟರ್, ಸಿರಸ್ ಮೇಜರಿನದು 120. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಎರಡರಷ್ಟು ಹಿಗ್ಗುವುದರಿಂದ, ತಣ್ಣಗಿರುವಾಗ ಪಿಸ್ಟನ್ನು ಸಿಲಿಂಡರಿಗಿಂತ ಕೂದಲೆಳೆಯಷ್ಟು ಸಣ್ಣದಿರಬೇಕು. 117 ಚಿಲ್ಲರೆ ಬಂದರೆ ಜಿಪ್ಸಿ, 119 ಚಿಲ್ಲರೆ ಬಂದರೆ ಸಿರಸ್. ವರ್ನಿಯರಿನಲ್ಲಿ 119.4 ಬಂತು.

"ಆ ವರ್ನಿಯರ್ ದವಡಿ ಸವೆದೈತಿ. ಅದನ್ನ ನಂಬಬ್ಯಾಡ" ಎಂದರು ಅಜ್ಜ.

ಆಗ ಒಳಗೆ ಮಂಚದ ಮೇಲೆ ಮಲಗಿ ಪೇಪರು ಮುಖಕ್ಕೆ ಮುಚ್ಚಿಕೊಂಡಿದ್ದ ಅಪ್ಪ, ಪೇಪರು ತೆಗೆಯದೆಯೇ ಹೇಳಿದ: "ದವಡಿ ಸವೆದರೆ ಅಳತಿ ಕಡಿಮಿ ತೋರಸ್ತೈತಿ, ಹೆಚ್ಚು ತೋರ್ಸಂಗಿಲ್ಲ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮಾತು ಸರಿ ಇತ್ತು. ದವಡೆಯ ನಡುವೆ ಸವೆದು ಗುಳಿ ಬಿದ್ದರೆ, ಮುಚ್ಚಿದಾಗ ತುದಿಗಳು ಕೂಡಿ ಸೊನ್ನೆಯನ್ನೇ ತೋರಿಸುತ್ತವೆ. ಅಳೆಯುವಾಗ ವಸ್ತು ಗುಳಿಯಲ್ಲಿ ಕೂತು ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ. ಇಪ್ಪತ್ತು ವರ್ಷದ ಮೇಲೆ ಆ ಮನೆಯಲ್ಲಿ ಮಗ ಯಂತ್ರದ ಮಾತಾಡಿದ್ದು ಅದೇ ಮೊದಲು. ಅವನಿಗೇ ಅದು ಹೊಳೆದಿರಬೇಕು, ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊಳೆ ಕಡೆಗೆ ಹೋದ.

ಆಪ್ಷನ್ ಎಂಟ್ರಿಗೆ ಕೊನೆಯ ದಿನ ಬುಧವಾರ. ಮಂಗಳವಾರ ಸಂಜೆ ಅಪ್ಪ ಅಂಗಡಿ ಬೇಗ ಮುಚ್ಚಿ, ಮನೆಯ ಅಟ್ಟ ಹತ್ತಿ ತಗಡಿನ ಟ್ರಂಕು ಇಳಿಸಿದ. ಅದರಿಂದ ತೆಗೆದದ್ದು ಮರದ ಡಬ್ಬಿಯಲ್ಲಿದ್ದ ಒಂದು ಮೈಕ್ರೋಮೀಟರು, 100ರಿಂದ 125 ಮಿಲಿಮೀಟರ್ ಅಳೆಯುವಂಥದು, ಜೊತೆಗೆ ಸೊನ್ನೆ ನೋಡಿಕೊಳ್ಳುವ 100 ಮಿಲಿಮೀಟರಿನ ಸರಳು. ವರ್ಕ್‌ಶಾಪು ಮುಚ್ಚಿದಾಗ ಬಾಕಿ ಸಂಬಳದ ಬದಲು ಕೈಗೆ ಬಂದದ್ದು. ಅದನ್ನು ಗುಜರಿಗೆ ಹಾಕಿದೆ ಎಂದೇ ಹೆಂಡತಿಗೂ ಹೇಳಿದ್ದ. ಎಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದರಿಂದ ಒಂದು ಚುಕ್ಕೆ ತುಕ್ಕು ಇರಲಿಲ್ಲ. ವರ್ಷಕ್ಕೊಂದು ಸಲವಾದರೂ ತೆಗೆದು ಒರೆಸದಿದ್ದರೆ ಹಾಗೆ ಉಳಿಯುವ ವಸ್ತುವಲ್ಲ ಅದು.

ಇಬ್ಬರೂ ರಾತ್ರಿ ಬಸ್ಸಿಗೆ ಹರಿಹರಕ್ಕೆ ಹೋದರು. ಪಿಸ್ಟನ್ನನ್ನು ಮೇಜಿನ ಮೇಲಿಟ್ಟು, ಎಡಗೈಯಲ್ಲಿ ಬಿಲ್ಲು ಹಿಡಿದು ಬಲಗೈ ಬೆರಳಿನಲ್ಲಿ ಹಿಂದಿನ ತಿರುಪನ್ನು ಹೇಗೆ ತಿರುಗಿಸಬೇಕೆಂದು ಅಪ್ಪ ತೋರಿಸಿದ. ಜೋರು ಮಾಡಬಾರದು, ಕಿರ್, ಕಿರ್, ಕಿರ್ ಎಂದು ಮೂರು ಸಲ ಸದ್ದಾದರೆ ಸಾಕು. ಓದುವುದನ್ನು ಮಗಳಿಗೇ ಬಿಟ್ಟ. ನೂರು, ಅದರ ಮೇಲೆ ಹತ್ತೊಂಬತ್ತೂವರೆ, ಸುತ್ತುಪಟ್ಟಿಯಲ್ಲಿ ಹನ್ನೆರಡು ಗೀರು. 119.62.

"ಅಡ್ಡಡ್ಡ ತಿರುಗಿಸಿ ಇನ್ನೊಂದು ಸಲ ನೋಡು. ಒಂದೇ ಕಡೆ ನೋಡಿ ಹೇಳಬಾರದು" ಎಂದ ಅಪ್ಪ. ಮತ್ತೊಂದು ಕಡೆಯೂ ಹೆಚ್ಚುಕಡಿಮೆ ಅಷ್ಟೇ ಬಂತು. ಜಿಪ್ಸಿಯ ಸಿಲಿಂಡರಿನೊಳಗೆ ಆ ಪಿಸ್ಟನ್ನು ತೂರುವ ಮಾತೇ ಇರಲಿಲ್ಲ.

ಅಜ್ಜ ಕನ್ನಡಕ ತೆಗೆದು, ಒರೆಸಿ, ತಾವೂ ಒಂದು ಸಲ ಓದಿ ನೋಡಿದರು. ಆಮೇಲೆ ಮೈಕ್ರೋಮೀಟರನ್ನೇ ಬಹಳ ಹೊತ್ತು ತಿರುಗಿಸಿ ನೋಡಿ, "ಚಲೋ ಇಟ್ಟೀಯಪ್ಪ" ಎಂದರು ಮಗನಿಗೆ.

ಬುಧವಾರ ಮಧ್ಯಾಹ್ನ ಅಂಗಡಿಯಲ್ಲೇ ಕೊಡ, ಬಕೆಟ್ಟುಗಳ ನಡುವೆ ಸ್ಟೂಲಿನ ಮೇಲೆ ಕೂತು ಹುಡುಗಿ ಫೋನಿನಲ್ಲಿ ಆಪ್ಷನ್ ತುಂಬಿದಳು. ಮೊದಲನೆಯದು ದಾವಣಗೆರೆಯ ಮೆಕ್ಯಾನಿಕಲ್, ಎರಡನೆಯದು ದಾವಣಗೆರೆಯ ಕಂಪ್ಯೂಟರ್ ಸೈನ್ಸ್. ಎರಡನೆಯದನ್ನು ಬರೆದದ್ದು ಅಪ್ಪನಿಗಾಗಿ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಫೋನು ಇಸಿದುಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ. "ಕಾಲೇಜಿನ ಕೋಡು ಇನ್ನೊಂದು ಸಲ ಸರಿ ನೋಡು" ಎಂದು ಹೇಳಿ, ಬಂದಿದ್ದ ಗಿರಾಕಿಗೆ ಮುಚ್ಚಳವಿರುವ ಡಬ್ಬ ತೋರಿಸಲು ಎದ್ದ.

ಅವಳಿಗೆ ಮೊದಲನೆಯದೇ ಸಿಕ್ಕಿತು. ಫೀಜು ಕಟ್ಟಿದ ದಿನ ಅಜ್ಜ ಮಾತು ಕೊಟ್ಟಂತೆ ಬೆಣ್ಣೆ ದೋಸೆ ಕೊಡಿಸಿದರು. ಮೈಕ್ರೋಮೀಟರಿನ ಡಬ್ಬಿ ಈಗ ಅಟ್ಟದ ಮೇಲಿಲ್ಲ, ಹುಡುಗಿಯ ಮೇಜಿನ ಮೇಲಿದೆ. ಪಿಸ್ಟನ್ನು ಮಾತ್ರ ಹೊಸ ಮರಳು ತುಂಬಿಸಿಕೊಂಡು ದೇವರ ಕೋಣೆಗೆ ಮರಳಿದೆ. ಬಂದವರು ಇದೇನೆಂದು ಕೇಳಿದರೆ ಅಜ್ಜ ಈಗಲೂ, "ಇದು ಜಿಪ್ಸಿ ಎಂಜಿನ್ ಪಿಸ್ಟನ್ನು" ಎಂದೇ ಶುರು ಮಾಡುತ್ತಾರೆ. ಭಾನುವಾರವಾಗಿದ್ದರೆ ಒಳಗಿನ ಮಂಚದಿಂದ, ಪೇಪರಿನ ಅಡಿಯಿಂದ ದನಿ ಬರುತ್ತದೆ:

"ಸಿರಸ್ ಅಪ್ಪಾ, ಸಿರಸ್."